ಮಠದ ಕಟ್ಟೆಯ ಮೇಲೆ ಜೆಟ್ ಇಂಜಿನ್ನು

ಶಂಕ್ರೆವ್ವ ಹೆತ್ತ ಮೊದಲೆರಡು ಕೂಸುಗಳು ವರ್ಷ ತುಂಬುವ ಮೊದಲೇ ಹೋದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಅವಳು ಊರ ಮಠದ ಗದ್ದುಗೆಗೆ ಹಣೆ ಹಚ್ಚಿ, "ಈ ಕೂಸು ಉಳಿದ್ರ ನಿನಗs ಬಿಡ್ತೇನಿ" ಎಂದು ಹರಕೆ ಹೊತ್ತಳು. ಕೂಸು ಉಳಿಯಿತು. ಹುಟ್ಟುವ ಮೊದಲೇ ನೌಕರಿ ನಿಕ್ಕಿಯಾಗಿದ್ದ ಆ ಕೂಸಿಗೆ ರಾಚಯ್ಯ ಎಂದು ಹೆಸರಿಟ್ಟರು.

ಊರಿನ ಹೆಸರು ನಾನು ಹೇಳುವುದಿಲ್ಲ. ಸಿಂದಗಿಯಿಂದ ಬಾಗೇವಾಡಿ ಕಡೆ ಹೊರಟ ಬಸ್ಸಿನಿಂದ ನಡುದಾರಿಯಲ್ಲಿಳಿದು, ಎರೆಹೊಲದ ಕಾಲುದಾರಿ ಹಿಡಿದರೆ ಸಿಗುತ್ತದೆ. ಹೆಸರು ಹೇಳಿಬಿಟ್ಟರೆ ಆ ಊರಿನವರು ನನ್ನನ್ನು ಕರೆದು, ಚಾಪೆ ಹಾಸಿ ಕೂರಿಸಿ, ಚಹಾ ಕುಡಿಸಿ, ಆಮೇಲೆ ಜಗಳ ತೆಗೆಯುತ್ತಾರೆ. ಒಳ್ಳೆಯ ಜನ. ಈ ಕಥೆಯ ತೊಂದರೆಯೇ ಅದು. ಕೆಟ್ಟವರ ಕೈಗೆ ಸಿಕ್ಕವನು ಗೋಡೆ ಹಾರಿ ಓಡಬಹುದು, ಯಾರೂ ತಪ್ಪು ಎನ್ನುವುದಿಲ್ಲ. ಒಳ್ಳೆಯವರು ಪ್ರೀತಿಯಿಂದ ಹಿಡಿದು ಕೂರಿಸಿದರೆ ಎಲ್ಲಿಗೆ ಓಡುತ್ತೀರಿ?

ಹುಡುಗನಿಗೆ ಬುದ್ಧಿ ಬರುವ ಮೊದಲೇ ತಂದೆ ತೀರಿಕೊಂಡಿದ್ದ. ಎಂಟು ತುಂಬುತ್ತಲೇ ರಾಚಯ್ಯನನ್ನು ಮಠಕ್ಕೆ ಒಪ್ಪಿಸಿದರು. ಅವನು ಈಗ 'ಮರಿ', ಅಂದರೆ ಮುಂದೆ ಗದ್ದುಗೆ ಏರಬೇಕಾದವನು. ಮಠದ ಮಾಳಿಗೆ ಹತ್ತಿ ನಿಂತರೆ ಅವ್ವನ ಮನೆಯ ಬಾಗಿಲು ಕಾಣುತ್ತಿತ್ತು. ಆದರೆ ಅಲ್ಲಿಗೆ ಹೋಗಿ ಮಲಗುವ ಹಾಗಿರಲಿಲ್ಲ. ಶಂಕ್ರೆವ್ವ ದಿನಾ ಮಠಕ್ಕೆ ಬರುತ್ತಿದ್ದಳು. ಭಕ್ತರ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಮಗನನ್ನು ಒಂದು ಸಲ ನೋಡಿ, ಸೆರಗು ಸರಿಮಾಡಿಕೊಂಡು ಹೋಗುತ್ತಿದ್ದಳು. ಹುಡುಗನಿಗೆ ಅದು ಅಪಮಾನದ ಹಾಗೆ ಕಾಣುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಮಠದ ಸ್ವಾಮಿಗಳನ್ನು ಊರವರು ಕರೆಯುತ್ತಿದ್ದದ್ದು ಅಜ್ಜಾರು ಎಂದು. ಹಿರಿಯ ಅಜ್ಜಾರು ಅವನನ್ನು ಸಿಂದಗಿಯ ಹೈಸ್ಕೂಲಿಗೆ ಕಳಿಸಿದ್ದೇ ದೊಡ್ಡ ಉಪಕಾರವಾಯಿತು. ಅಲ್ಲಿ ಅವನ ಪಕ್ಕ ಕೂರುತ್ತಿದ್ದವನು ಮಶಾಕಸಾಬ. ಮಶಾಕಸಾಬನ ಅಪ್ಪನಿಗೆ ಬಸ್ ಸ್ಟ್ಯಾಂಡಿನ ಹಿಂದೆ ಎಣ್ಣೆ ಇಂಜಿನ್ ರಿಪೇರಿಯ ಅಂಗಡಿ. ಸಂಸ್ಕೃತ ಶ್ಲೋಕ ಬಾಯಿಪಾಠ ಮಾಡಬೇಕಾದ ಮರಿ, ಸಾಲಿ ಬಿಟ್ಟ ಮೇಲೆ ಆ ಅಂಗಡಿಯಲ್ಲಿ ಕುಂತು ಪಿಸ್ಟನ್ನು ತಿಕ್ಕುತ್ತಿತ್ತು. ಉಗುರಿನ ಸಂದಿಯ ಕಪ್ಪು ಗ್ರೀಸನ್ನು ಅಜ್ಜಾರು ನೋಡಿಯೂ ನೋಡದಂತೆ ಇರುತ್ತಿದ್ದರು.

ವಿಜಾಪುರಕ್ಕೆ ವಾಯುಸೇನೆಯವರು ಭರ್ತಿಗೆ ಬಂದ ವರ್ಷ ರಾಚಯ್ಯ ಯಾರಿಗೂ ಹೇಳದೆ ಹೋಗಿ ಪಾಸಾಗಿ ಬಂದ. ಬಂದವನು ಅಜ್ಜಾರ ಮುಂದೆ ನಿಂತು ವಿಷಯ ಹೇಳಿದ. ಅಜ್ಜಾರು, "ನನಗ ಪೈಲ್ವಾನ ಆಗೂದಿತ್ತೋ ತಮ್ಮಾ" ಎಂದರು. "ನನ್ನೂ ಹಿಂಗs ತಂದು ಬಿಟ್ರು. ಹೋಗು. ನಾ ಇರೂತನಕ ನೀ ಹೊರಗ. ನಾ ಕಣ್ಣು ಮುಚ್ಚಿದ ಮ್ಯಾಲ ಹೊಳ್ಳಿ ಬಾ. ಮಾತು ಕೊಡು."

ಹದಿನೇಳರ ಹುಡುಗನಿಗೆ ಸಾವು ಬಹಳ ದೂರದ ಸಂಗತಿ. ಮಾತು ಕೊಟ್ಟ.

ಸಾಂಬ್ರಾದಲ್ಲಿ ಕವಾಯತು ಮುಗಿಸಿ, ತಾಂಬರಂನಲ್ಲಿ ಇಂಜಿನ್ ಫಿಟ್ಟರ್ ಕೆಲಸ ಕಲಿತ. ಅಲ್ಲಿ ಒಂದು ಜೆಟ್ ಇಂಜಿನ್ನನ್ನು ಉದ್ದಕ್ಕೆ ಅರ್ಧ ಸೀಳಿ ಸ್ಟ್ಯಾಂಡಿನ ಮೇಲೆ ಇಟ್ಟಿದ್ದರು. ಮೊದಲ ಸಲ ನೋಡಿದಾಗ ಅವನು ಪಿಸ್ಟನ್ನು ಎಲ್ಲಿದೆ ಎಂದು ಹುಡುಕಿದ. ಪಿಸ್ಟನ್ನೇ ಇಲ್ಲ! ಒಂದೇ ಒಂದು ದಂಡ, ಅದಕ್ಕೆ ಮುಂದೊಂದಿಷ್ಟು ಪಂಖಾಗಳು, ಹಿಂದೊಂದಿಷ್ಟು ಪಂಖಾಗಳು, ನಡುವೆ ಬೆಂಕಿಯ ಕೋಣೆ. ಮೇಲೆ ಕೆಳಗೆ ಬಡಿದಾಡುವುದು ಇಲ್ಲವೇ ಇಲ್ಲ, ತಿರುಗುವುದಷ್ಟೇ. ಇಷ್ಟು ಸರಳವಾದದ್ದು ಇಷ್ಟು ದೊಡ್ಡ ಲೋಹದ ಹಕ್ಕಿಯನ್ನು ಎತ್ತುತ್ತದೆಯೇ ಎಂದು ಅವನಿಗೆ ಆವತ್ತು ನಿದ್ದೆ ಹತ್ತಲಿಲ್ಲ. ಕೆಲವರಿಗೆ ಹುಡುಗಿಯರ ವಿಷಯದಲ್ಲಿ ಹೀಗಾಗುತ್ತದೆ. ಇವನಿಗೆ ಇದರಲ್ಲಾಯಿತು.

ಪಠಾಣಕೋಟದಲ್ಲಿ ಹಂಟರ್ ವಿಮಾನಗಳ ಮೇಲೆ ಕೆಲಸ. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು, ಬಗ್ಗಿ ನೋಡುತ್ತ ರನ್‌ವೇ ಉದ್ದಕ್ಕೂ ನಡೆಯಬೇಕು; ಬಿದ್ದ ಹರಳು, ಮೊಳೆ, ತಂತಿಯ ತುಂಡು ಆರಿಸಬೇಕು. ಆಮೇಲೆ ದೀಪ ಹಿಡಿದು ಇಂಜಿನ್ನಿನ ಬಾಯೊಳಗೆ ತೂರಿ, ಪಂಖದ ಒಂದೊಂದು ಅಲಗಿನ ಅಂಚಿನ ಮೇಲೂ ಹೆಬ್ಬೆರಳು ಆಡಿಸಿ, ಎಲ್ಲಾದರೂ ಮುಕ್ಕಾಗಿದೆಯೇ ಎಂದು ನೋಡಬೇಕು. ರಾಚಯ್ಯನಿಗೆ ಇದರಲ್ಲಿ ಬೇಸರವೆಂಬುದೇ ಬರಲಿಲ್ಲ. ಊರಿಗೆ ಕಾಗದ ಬರೆದಾಗಲೆಲ್ಲ ಮೊದಲ ಸಾಲಿನಲ್ಲೇ ಅಜ್ಜಾರ ಪ್ರಕೃತಿ ಹೇಗಿದೆ ಎಂದು ಕೇಳುತ್ತಿದ್ದ. ಊರವರು ಅದನ್ನು ಓದಿಸಿ ಕೇಳಿ, ಎಂಥ ಗುರುಭಕ್ತಿ ಎಂದು ತಲೆದೂಗಿದರು.

ಎಪ್ಪತ್ತೊಂದರ ಯುದ್ಧದಲ್ಲಿ ಅವನು ಹೆಬ್ಬೆರಳಾಡಿಸಿ ಕಳಿಸಿದ ವಿಮಾನವೊಂದು ಮರಳಿ ಬರಲಿಲ್ಲ. ಇಂಜಿನ್ನಿನ ತಪ್ಪಲ್ಲವೆಂದು ಎಲ್ಲರೂ ಹೇಳಿದರು, ಅವನಿಗೂ ಗೊತ್ತಿತ್ತು. ಆದರೂ ಬಾಂಬು ಹೊರುವ ಇಂಜಿನ್ನು ಸಾಕು, ಮಂದಿಯನ್ನು ಹೊರುವ ಇಂಜಿನ್ನು ನೋಡಿಕೊಂಡಿರಬೇಕು ಎಂಬ ಆಸೆ ಆವತ್ತಿನಿಂದ ಹತ್ತಿತು. ಎಪ್ಪತ್ನಾಲ್ಕರಲ್ಲಿ ವಾಯುಸೇನೆಯ ಕರಾರು ಮುಗಿಯಿತು. ಮುಂಬೈಯಲ್ಲಿ ದೊಡ್ಡ ಪ್ರಯಾಣಿಕರ ವಿಮಾನಗಳ ಇಂಜಿನ್ ಬಿಚ್ಚಿ ಕಟ್ಟುವ ಕಾರ್ಖಾನೆಯೊಂದರಲ್ಲಿ ಅವನನ್ನು ಆರಿಸಿಕೊಂಡರು. ದೀಪಾವಳಿಯೊಳಗೆ ಬಂದು ಹಾಜರಾಗು ಎಂದರು. ಅವ್ವನನ್ನು ನೋಡಿ ಹೋಗೋಣವೆಂದು ಊರಿಗೆ ಬಂದ. ಬಂದ ವಾರದಲ್ಲೇ ಹಿರಿಯ ಅಜ್ಜಾರು ಲಿಂಗೈಕ್ಯರಾದರು.

ಓಡಿ ಹೋಗಬಹುದಿತ್ತು ಎನ್ನುತ್ತೀರಿ. ಹೇಳುವುದು ಸುಲಭ. ಸತ್ತವರಿಗೆ ಕೊಟ್ಟ ಮಾತನ್ನು ಹಿಂದಕ್ಕೆ ಕೇಳುವುದು ಯಾರ ಹತ್ತಿರ? ಇನ್ನು ಅವ್ವ. ಹರಕೆ ಮುರಿದರೆ ಊರು ಅವಳನ್ನು ಬೈಯುವುದಿಲ್ಲ, ಅಯ್ಯೋ ಎನ್ನುತ್ತದೆ, ಅಷ್ಟೇ. ಬಾವಿಕಟ್ಟೆಯ ಮೇಲೆ ದಿನಾ ಆ 'ಅಯ್ಯೋ' ಕೇಳುತ್ತ ಅವಳು ಬದುಕಬೇಕು. ಇಷ್ಟು ವರ್ಷ ಸಾಲಿನಲ್ಲಿ ನಿಂತು ಮಗನನ್ನು ನೋಡಿದ ಹೆಂಗಸಿಗೆ ಅದೊಂದನ್ನು ಕೊಡಲು ಅವನಿಗೆ ಮನಸ್ಸಾಗಲಿಲ್ಲ.

ಆದರೆ ಒಂದು ಕಿಂಡಿ ಇತ್ತು. ಆ ಮಠದಲ್ಲಿ ಹಳೆಯ ಪದ್ಧತಿಯೊಂದಿದೆ. ಪಟ್ಟ ಕಟ್ಟುವ ಮೊದಲು ಮರಿ ಊರ ಮುಂದೆ ಕುಂತು ಮೊದಲ ಪ್ರವಚನ ಹೇಳಬೇಕು. ಮಾತು ರುಚಿಸದಿದ್ದವರು ತಮ್ಮ ಕಂಬಳಿ ಮಡಚಿಕೊಂಡು ಎದ್ದು ಹೋಗಬಹುದು, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವಂತಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಎದ್ದರೆ ಮರಿಗೆ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, ಮರ್ಯಾದೆಯಿಂದ ಮನೆಗೆ ಕಳಿಸುತ್ತಾರೆ. ಹರಕೆ ಸಂದಿತು ಎಂದೇ ಲೆಕ್ಕ. ಮುತ್ತಜ್ಜನ ಕಾಲದಲ್ಲಿ ಹಾಗೆ ಮರಳಿದ ಒಬ್ಬಾತ ಮುದ್ದೇಬಿಹಾಳದಲ್ಲಿ ಬಟ್ಟೆ ಅಂಗಡಿ ಇಟ್ಟು ಸುಖವಾಗಿದ್ದನಂತೆ.

ರಾಚಯ್ಯ ಸಿಂದಗಿಗೆ ಹೋಗಿ ಮಶಾಕಸಾಬನ ಅಂಗಡಿಯಲ್ಲಿ ಕುಂತ.

"ಊರು ನನ್ನ ಬ್ಯಾಡ ಅನ್ನಬೇಕು" ಎಂದ. "ಶರಣರ ಹೆಸರು ಎತ್ತೂದಿಲ್ಲ, ಪುರಾಣ ಎತ್ತೂದಿಲ್ಲ. ಕುಂತವ್ನ ಜೆಟ್ ಇಂಜಿನ್ನಿನ ವಿಷಯ ಹೇಳ್ತೇನಿ. ಕಂಪ್ರೆಸರು, ಟರ್ಬೈನು. ಯಾಂವ ಕುಂದರ್ತಾನ ನೋಡೂಣು."

ಮಶಾಕಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. "ಅರ್ಧ ತಾಸಿನ್ಯಾಗ ಅಂಗಳ ಖಾಲಿ ಆಕ್ಕೈತಿ ಬಿಡೋ. ನಾನೂ ಬರ್ತೇನಿ. ನಾನs ಮೊದಲ ಎದ್ದು ಹೊಕ್ಕೇನಿ, ಉಳದವ್ರಿಗೆ ಧೈರ್ಯ ಬರತೈತಿ."

ಶ್ರಾವಣದ ಕಡೆಯ ಸೋಮವಾರ, ಹೊತ್ತು ಇನ್ನೂ ಮುಳುಗಿರಲಿಲ್ಲ. ಮಠದ ಅಂಗಳ ತುಂಬಿತ್ತು. ಮುಂದೆ ಊರ ಹಿರಿಯ ಬಸಂತರಾಯ ಗೌಡರು, ಎಡಕ್ಕೆ ಹೆಂಗಸರ ಸಾಲು, ಅದರಲ್ಲಿ ಶಂಕ್ರೆವ್ವ. ಹಿಂದೆ ಬಾಗಿಲ ಹತ್ತಿರ, ಏಳಲು ಅನುಕೂಲವಾಗಲೆಂದು, ಮಶಾಕಸಾಬ.

ರಾಚಯ್ಯ ಕಟ್ಟೆಯ ಮೇಲೆ ಕುಂತು ನೇರವಾಗಿ ಹೇಳಿದ: "ನಾ ಇವತ್ತ ದೇವರ ಮಾತು ಆಡೂದಿಲ್ರಿ. ವಿಮಾನದ ಇಂಜಿನ್ನಿನ ವಿಷಯ ಹೇಳ್ತೇನಿ. ಬ್ಯಾಡಾದವ್ರು ಏಳ್ರಿ."

ಯಾರೂ ಏಳಲಿಲ್ಲ. ಇದೇನೋ ಪೀಠಿಕೆ ಎಂದುಕೊಂಡರು. ಅವನು ಪುಸ್ತಕದ ಭಾಷೆಯಲ್ಲಿ, ಬೇಕೆಂದೇ ಒಣಒಣವಾಗಿ ಶುರು ಮಾಡಿದ. ಒತ್ತಡ, ಉಷ್ಣಾಂಶ, ದಹನ. ಒಬ್ಬರು ಕೆಮ್ಮಿದರು. ಇನ್ನೊಬ್ಬರು ಆಕಳಿಸಿದರು. ಬಸಂತರಾಯ ಗೌಡರು ನೆಲ ನೋಡತೊಡಗಿದರು. ಹಿಂದಿನ ಸಾಲಿನಲ್ಲಿ ಒಂದಿಬ್ಬರು ಎದ್ದು ಕಂಬಳಿ ಕೊಡವಿದರು. ಅವರ ಹಿಂದೆ ಮತ್ತೆ ನಾಲ್ಕೈದು ಮಂದಿ. ರಾಚಯ್ಯನ ಎದೆ ಹಗುರಾಯಿತು. ಮುಂಬೈ ಇನ್ನೇನು ಕೈಗೆ ಸಿಕ್ಕಿತು ಎನ್ನಿಸಿತು.

ಆಗ ಮಶಾಕಸಾಬ ಎದ್ದ. ಎದ್ದು ಬಾಗಿಲ ಕಡೆ ಹೋಗಬೇಕಾದವನು ಅಲ್ಲೇ ನಿಂತು ತಲೆ ಕೆರೆದುಕೊಂಡ.

"ಒಂದ್ ಮಾತ್ರಿ" ಎಂದ. "ನಮ್ಮ ಎಣ್ಣಿ ಇಂಜಿನ್ನ ಹ್ಯಾಂಡಲ್ ಹೊಡದು ಚಾಲೂ ಮಾಡ್ತೀವಿ. ಆಮ್ಯಾಲ ಪಿಸ್ಟನ್ನು ದೂಡತೈತಿ, ಗಾಲಿ ತಿರಗತೈತಿ. ನಿಮ್ಮ ಇಂಜಿನ್ನಿನ್ಯಾಗ ಪಿಸ್ಟನ್ನs ಇಲ್ಲ ಅಂತೀರಿ. ಮತ್ತ ಆ ಮುಂದಿನ ಪಂಖಾ ತಿರಗಸಾಂವ ಯಾಂವ?"

ಪಾಪ, ಮೋಸ ಮಾಡಬೇಕೆಂದು ಕೇಳಿದ್ದಲ್ಲ. ಇಂಜಿನ್ನಿನೊಳಗೆ ಹುಟ್ಟಿ ಬೆಳೆದವನು. ತಿಳಿಯದಿದ್ದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ. ತಾಂಬರಂನಲ್ಲಿ ರಾಚಯ್ಯ ಮೊಟ್ಟಮೊದಲು ಕೇಳಿದ ಪ್ರಶ್ನೆಯೂ ಇದೇ ಆಗಿತ್ತು. "ಆಮ್ಯಾಲ ಹೇಳ್ತೇನಿ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಾಗಲಿಲ್ಲ.

ಅವನು ಕಟ್ಟೆಯಿಂದ ಇಳಿದ. ಮಠದ ದನಗಳಿಗೆ ಹಾಕಿದ್ದ ಜೋಳದ ದಂಟಿನಿಂದ ಒಂದನ್ನು ಎಳೆದು, ಸಿಪ್ಪೆ ಸುಲಿದು, ಚಿಕ್ಕ ಮಕ್ಕಳು ಆಟಕ್ಕೆ ಮಾಡುವ ಗಿರಗಟ್ಟೆಯ ಹಾಗೆ ಎರಡು ಗಾಲಿ ಮಾಡಿ, ಒಂದೇ ಕಡ್ಡಿಯ ಎರಡು ತುದಿಗೆ ಬಿಗಿಯಾಗಿ ಸಿಕ್ಕಿಸಿದ. ಹಿಂದಿನ ಗಾಲಿಗೆ ಉಫ್ ಎಂದು ಊದಿದ. ಮುಂದಿನದೂ ತಿರುಗಿತು.

"ನೋಡ್ರಿ. ಚಾಲೂ ಮಾಡೂ ಮುಂದ ಇದನ್ನೂ ಹೊರಗಿನಿಂದ ಒಮ್ಮೆ ತಿರಗಸ್ತಾರ. ಮುಂದಿನ ಪಂಖಾ ಗಾಳಿ ಒಳಗ ಎಳೀತೈತಿ, ಎಳದು ಹಿಂಡತೈತಿ. ಹಿಂಡಿದ ಗಾಳಿಗೆ ನಡುವಿನ ಕ್ವಾಣ್ಯಾಗ ಚಿಮಣಿ ಎಣ್ಣಿ ಚಿಮಕಸ್ತಾರ, ಕಿಡಿ ಹಚ್ಚತಾರ. ಸುಟ್ಟ ಗಾಳಿ ಉಬ್ಬಿ ಹಿಂದಕ್ಕ ಓಡತೈತಿ. ಓಡೂ ಮುಂದ ಈ ಹಿಂದಿನ ಗಾಲೀನ ಝಾಡಿಸಿ ತಿರಗಿಸಿ ಹೊಕ್ಕೈತಿ. ಇದs ಟರ್ಬೈನು. ಇದು ತಿರಗಿದ್ರ, ಒಂದs ದಂಡ ನೋಡ್ರಿ, ಮುಂದಿನದೂ ತಿರಗತೈತಿ. ಮತ್ತ ಗಾಳಿ ಎಳೀತೈತಿ. ಒಮ್ಮೆ ಹತ್ತಿದ ಮ್ಯಾಲ ಕಿಡಿ ಬ್ಯಾಡ. ಎಣ್ಣಿ ಇರೂತನಕ ತನ್ನ ಬೆಂಕಿ ತಾನs ಕಾಯ್ಕೋತೈತಿ."

"ಯವ್ವಾ, ಚಿಮಣಿ ಎಣ್ಣಿನs?" ಎಂದಳು ಹೆಂಗಸರ ಸಾಲಿನಿಂದ ದುರ್ಗವ್ವ. "ನಾವು ಬುಡ್ಡಿಗೆ ಹಾಕೂ ಎಣ್ಣಿ?"

"ಹೌದಬೇ, ಬಹುತೇಕ ಅದs. ಚೊಲೋತ್ನಂಗ ಸೋಸಿದ್ದು."

ಅಂಗಳ ನಕ್ಕಿತು. ತಮ್ಮ ಬುಡ್ಡಿಯ ಎಣ್ಣೆಯಲ್ಲಿ ವಿಮಾನ ಹಾರುತ್ತದೆಂದರೆ ಯಾರಿಗೆ ಖುಷಿಯಾಗುವುದಿಲ್ಲ? ಕಂಬಳಿ ಕೊಡವಿ ನಿಂತಿದ್ದವರು ನಿಂತಲ್ಲೇ ನಿಂತರು.

"ಪಂಖಾ ತಿರಗ್ತು, ಖರೆ. ವಿಮಾನ ಯಾಕ ಮುಂದ ಹೋಗಬೇಕು?" ಎಂದರು ಬಸಂತರಾಯ ಗೌಡರು. ನೆಲ ನೋಡುವುದನ್ನು ಅವರು ಯಾವಾಗಲೋ ಬಿಟ್ಟಿದ್ದರು.

"ಗೌಡ್ರ, ನಿಮ್ಮ ಬಾವೀ ಪಂಪಿನ ಪೈಪು ಕೈಯಾಗ ಹಿಡದೀರಿ. ನೀರು ಭರ್ರ ಅಂತ ಮುಂದ ಹಾರಿದ್ರ ಪೈಪು ಏನ್ ಮಾಡತೈತಿ?"

"ಎದಿಗೆ ಬಂದು ಒದೀತೈತಿ."

"ಅಷ್ಟs ನೋಡ್ರಿ. ಗಾಳಿ ಹಿಂದಕ್ಕ, ಒದಿಕಿ ಮುಂದಕ್ಕ. ಟರ್ಬೈನು ತನಗ ಬೇಕಾದಷ್ಟು ಜೋರು ತಗೊಂಡು ಉಳದದ್ದನ್ನ ಬಿಡತೈತಿ. ಆ ಉಳದದ್ದರ ಮ್ಯಾಲ ವಿಮಾನ ಹಾರತೈತಿ."

ಆಮೇಲೆ ಅವನನ್ನು ಹಿಡಿಯುವವರಿಲ್ಲ. ಬಡಿದಾಡುವ ಪಿಸ್ಟನ್ನು ಇಲ್ಲದ್ದರಿಂದ ಈ ಇಂಜಿನ್ನು ಬೇಗ ದಣಿಯುವುದಿಲ್ಲ ಎಂದ. ಹಳೆಯ ಪಂಖದ ವಿಮಾನಗಳು ಮೋಡದೊಳಗೆ ಕುಲುಕಾಡುತ್ತ ಹೋಗುತ್ತಿದ್ದವು, ಇದು ಮೋಡಕ್ಕಿಂತ ಮೇಲೆ, ಮಳೆ ಗಾಳಿಯ ಗೊಡವೆಯಿಲ್ಲದ ಕಡೆ ಹಾರುತ್ತದೆ ಎಂದ. ಮಶಾಕಸಾಬನ ಕಾಕಾನಿಗೆ ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಹಜ್ಜಿಗೆ ಹೋಗಲು ದಿನಗಟ್ಟಲೆ ಹಿಡಿದಿತ್ತು, ಈಗ ಮುಂಬೈಯಲ್ಲಿ ಉಂಡು ಹೊರಟವರು ಮುಂದಿನ ಊಟದ ಹೊತ್ತಿಗೆ ಅಲ್ಲಿರುತ್ತಾರೆ ಎಂದ. ಹುರಳಿ ಕಾಳಿನಷ್ಟು ಹರಳು ಒಳಗೆ ಹೋದರೆ ಏನೇನಾಗುತ್ತದೆ, ಅದಕ್ಕೆ ತಾವೆಲ್ಲ ಹೇಗೆ ಬಗ್ಗಿ ನಡೆದು ಆರಿಸುತ್ತಿದ್ದೆವು ಎಂದು ನಡೆದು ತೋರಿಸಿದ. ಮರಳಿ ಬಾರದ ವಿಮಾನದ ಮಾತೂ ಬಂತು. ಕಣ್ಣೊರೆಸಿಕೊಂಡು ಮುಂದೆ ಹೇಳಿದ. ಊರಿಗೆ ಬಂದ ಮೇಲೆ ಅವನು ಮನಸ್ಸು ಬಿಚ್ಚಿ ಮಾತಾಡಿದ್ದು ಅದೇ ಮೊದಲು. ತಾನು ಏಕೆ ಮಾತಾಡುತ್ತಿದ್ದೇನೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ನೆನಪಾದದ್ದು ಯಾರೋ ದೀಪ ತಂದಿಟ್ಟಾಗ. ತಲೆ ಎತ್ತಿ ನೋಡಿದ. ಅಂಗಳದಲ್ಲಿ ಒಂದು ಜಾಗವೂ ಖಾಲಿ ಇರಲಿಲ್ಲ. ಎದ್ದವರು ಕುಂತಿದ್ದರು. ಹೊರಗೆ ದಾರಿಯಲ್ಲಿ ಹೋಗುತ್ತಿದ್ದವರೂ ಒಳಗೆ ಬಂದು ಕುಂತಿದ್ದರು. ಶಂಕ್ರೆವ್ವ ಸೆರಗು ಬಾಯಿಗೆ ಒತ್ತಿ ಅಳುತ್ತಿದ್ದಳು. ಅವ್ವನಿಗೆ ಎಷ್ಟು ಆನಂದವಾಗಿದೆ ಎಂದುಕೊಂಡ.

ಬಸಂತರಾಯ ಗೌಡರು ಎದ್ದು ನಿಂತು ಕೈಮುಗಿದರು. "ಕಬ್ಬಿಣದ ವಿಷಯಾನ ಇಷ್ಟ ಬಿಡಿಸಿ ಹೇಳಾವ್ರು, ದೇವರ ವಿಷಯ ಹ್ಯಾಂಗ ಹೇಳ್ಯಾರು! ಏನ್ರಪಾ, ಒಪ್ಪಿಗಿ ಐತೇನು?"

"ಐತಿ!" ಎಂದಿತು ಊರು.

ರಾಚಯ್ಯ ಗಾಬರಿಯಿಂದ ನಿಜ ಹೇಳಿಬಿಟ್ಟ. "ಗೌಡ್ರ, ತಪ್ಪು ತಿಳೀಬ್ಯಾಡ್ರಿ. ನಾ ಬೇಕಂತನs ಇದನ್ನ ಹೇಳೀನ್ರಿ. ನೀವೆಲ್ಲಾ ಎದ್ದು ಹೋಗ್ಲಿ ಅಂತ ಹೇಳೀನಿ. ನನಗ ಈ ಗದ್ದುಗಿ ಬ್ಯಾಡ್ರಿ."

ಗೌಡರ ಕಣ್ಣಲ್ಲಿ ನೀರು ಬಂತು. ಊರ ಕಡೆ ತಿರುಗಿ, "ಕೇಳಿದ್ರಿಲ್ಲೋ? ಗದ್ದುಗಿ ಆಸೆನೂ ಇಲ್ಲ, ಸುಳ್ಳೂ ಬರೂದಿಲ್ಲ. ಇಂಥಾವ್ರು ಎಲ್ಲಿ ಸಿಗತಾರ?" ಎಂದರು. ಜನ ಜಯಕಾರ ಹಾಕಿದರು. ಇನ್ನು ಏನು ಹೇಳಿದರೂ ಅದೂ ಅವನ ದೊಡ್ಡತನವೇ ಆಗುತ್ತದೆಂದು ರಾಚಯ್ಯನಿಗೆ ಆಗ ಅರ್ಥವಾಯಿತು. ಎದ್ದು ಹೊರಗೆ ಬಂದ.

ಹೊರಗೆ ಮಶಾಕಸಾಬ ಅವನ ಮುಖ ನೋಡಲಾರದೆ ನಿಂತಿದ್ದ. "ನನ್ನ ನಾಲಗಿ ಕತ್ತರಸ್ಬೇಕಿತ್ತೋ" ಎಂದ.

"ಇರ್ಲಿ ಬಿಡು" ಎಂದ ರಾಚಯ್ಯ. "ಕೇಳಿದ್ದು ಚೊಲೋ ಪ್ರಶ್ನೆ ಇತ್ತು."

ದೀಪಾವಳಿಗೆ ಮೊದಲೇ ಪಟ್ಟ ಕಟ್ಟಿದರು. ಮುಂಬೈಯ ಜಾಗ ಇನ್ನಾರಿಗೋ ಹೋಯಿತು. ಇದೆಲ್ಲ ನಡೆದು ಈಗ ಐದು ವರ್ಷ. ಇಂಡಿ, ಮುದ್ದೇಬಿಹಾಳ, ಅಗರಖೇಡ, ಮನಗೂಳಿ, ಎಲ್ಲ ಕಡೆಯಿಂದ ಜನ ಬಂದು ಅದೇ ಪ್ರವಚನ ಹೇಳಬೇಕೆಂದು ಕರೆಯುತ್ತಾರೆ. ಮೇಲೆ ವಿಮಾನದ ಸಪ್ಪಳವಾದರೆ ಭಕ್ತರು ಆಕಾಶ ನೋಡುವುದಿಲ್ಲ, ಗದ್ದುಗೆಯ ಕಡೆ ನೋಡುತ್ತಾರೆ. ಅವನು ಕೆಟ್ಟ ಪಂಪುಸೆಟ್ಟಿನ ಮೇಲೆ ಕೈ ಇಡಲು ಹೋದರೆ, "ನಿಮ್ಮ ಕೈ ಹೊಲಸಾದ್ರ ನಮಗ ಪಾಪ" ಎಂದು ಪ್ರೀತಿಯಿಂದ ಸರಿಸುತ್ತಾರೆ. ಆ ಉಗುರುಗಳು ಈಗ ಬಹಳ ಸ್ವಚ್ಛ.

ಪಟ್ಟದ ದಿನದ ಒಂದು ಮಾತು ಹೇಳದೆ ಉಳಿದಿದೆ. ಆ ಮಠದಲ್ಲಿ ಹೊಸ ಸ್ವಾಮಿಗೆ ಮೊದಲು ನಮಸ್ಕಾರ ಮಾಡಬೇಕಾದವಳು ಹೆತ್ತ ತಾಯಿ. ಆಮೇಲೆ ಅವಳು ಮಗನನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಗದ್ದುಗೆಯ ಮೇಲೆ ಕಾವಿಯುಟ್ಟು ಕುಂತಿದ್ದ ರಾಚಯ್ಯನ ಮುಂದೆ ಶಂಕ್ರೆವ್ವ ಬಂದಳು. ಬಗ್ಗಿ ಅವನ ಪಾದಕ್ಕೆ ಹಣೆ ಹಚ್ಚಿದಳು. ಬೇಗ ಏಳಲಿಲ್ಲ. ಸುತ್ತ ಜಾಗಟೆ, ಶಂಖ, ಜಯಕಾರ. ಅವನಿಗೊಬ್ಬನಿಗೇ ಕೇಳುವಷ್ಟು ದನಿಯಲ್ಲಿ ಅವಳು ಹೇಳಿದಳು:

"ಯಾಕಷ್ಟು ಚಂದಂಗ ಹೇಳಿದ್ಯೋ ರಾಚೂ? ಇವ್ರೆಲ್ಲಾ ಎದ್ದು ಹೋಗ್ಲಿ, ನನ್ನ ಹರಕಿ ಇಲ್ಲಿಗೆ ಹರೀಲಿ, ನನ್ನ ಕೂಸು ತನ್ನ ಇಂಜಿನ್ನಿನ ಕಡೆ ಹೋಗ್ಲಿ ಅಂತ ನಾ ಅಲ್ಲಿ ಕುಂತು ಬೇಡ್ಕೊಳ್ಳಾಕತ್ತಿದ್ನಿ. ಒಬ್ರೂ ಹೋಗ್ಲಿಲ್ಲಲ್ಲೋ."

ಅವನು ಬಾಯಿ ತೆರೆದ. ಏನು ಹೇಳಬೇಕೆಂದಿದ್ದನೋ, ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಬಸಂತರಾಯ ಗೌಡರು ಬಗ್ಗಿ, "ಆಶೀರ್ವಾದ ಮಾಡ್ರಿ ಅಜ್ಜಾರ, ಹಿಂದ ಮಂದಿ ಭಾಳ ಐತಿ" ಎಂದರು.

ಇಪ್ಪತ್ತೇಳು ವರ್ಷದ ಅಜ್ಜಾರು ಕೈ ಎತ್ತಿದರು. ಶಂಕ್ರೆವ್ವ ಎದ್ದು, ಸೆರಗು ಸರಿಮಾಡಿಕೊಂಡು, ಹಿಂದಿನವರಿಗೆ ಜಾಗ ಬಿಟ್ಟಳು.